‘ಡೂಲಾಲಿ’ ಎಂಬ ಇಂಗ್ಲಿಷ್ ನುಡಿಗಟ್ಟಿನ ಮೂಲ ಯಾವುದು?

ಪ್ರಶ್ನೆ (ಬೆಳಗಾವಿ):
ಮಾನ್ಯರೇ, ನಾನು ಟಿಳಕವಾಡಿಯಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ‘ಹೀ ಹ್ಯಾಸ್ ಗಾನ್ ಡೂಲಾಲಿ’ ಎಂಬ ಮಾತನ್ನು ಬ್ರಿಟಿಷ್ ಕಾದಂಬರಿಯೊಂದರಲ್ಲಿ ಓದಿದೆ. ತಲೆ ಕೆಟ್ಟಿದೆ ಎಂಬ ಅರ್ಥ ಸಂದರ್ಭದಿಂದ ಹೊಳೆಯುತ್ತದೆಯಾದರೂ ಪದದ ಸದ್ದು ಇಂಗ್ಲಿಷಿನದೆಂದು ಅನ್ನಿಸುವುದಿಲ್ಲ. ನಮ್ಮ ‘ಡೋಲಿ’ಗೂ ಇದಕ್ಕೂ ನಂಟಿದೆಯೇ? ಮಕ್ಕಳಿಗೆ ಬರೀ ಊಹೆಯನ್ನು ಹೇಳಿಕೊಡಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ (ವಿಜಯಪುರ):
ಡೋಲಿಗೂ ಇದಕ್ಕೂ ಸಂಬಂಧವಿಲ್ಲ, ಸರ್. ಇದು ನಾಸಿಕದ ಪಕ್ಕದ ದೇವಳಾಲಿ ಎಂಬ ಊರಿನ ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಬ್ರಿಟಿಷ್ ಸೇನೆಯ ತಂಗುಶಿಬಿರವಿತ್ತು. ಸೇವಾವಧಿ ಮುಗಿದ ಸೈನಿಕರು ಮುಂಬಯಿಯಲ್ಲಿ ಹಡಗು ಹತ್ತುವವರೆಗೆ ಅಲ್ಲಿಯೇ ಕಾಯಬೇಕಿತ್ತು. ಸೈನಿಕರನ್ನು ಒಯ್ಯುವ ಹಡಗುಗಳು ಮುಖ್ಯವಾಗಿ ಚಳಿಗಾಲದ ತಿಂಗಳುಗಳಲ್ಲಿ ಹೊರಡುತ್ತಿದ್ದುದರಿಂದ, ಬೇಸಿಗೆಯ ಹೊಸ್ತಿಲಲ್ಲಿ ಅವಧಿ ಮುಗಿದವನು ಸರಿಯಾದ ಕೆಲಸವಿಲ್ಲದೆ ಬಿಸಿಲನ್ನೂ ಮಳೆಗಾಲವನ್ನೂ ಅಲ್ಲಿಯೇ ಕಳೆಯಬೇಕಾಗುತ್ತಿತ್ತು. ಬೇಸರ, ಕುಡಿತ, ಕಾಯಿಲೆಗಳಿಂದ ಕೆಲವರ ವರ್ತನೆ ವಿಚಿತ್ರವಾಗುತ್ತಿತ್ತು. ಹೀಗೆ ಊರಿನ ಹೆಸರೇ ಬುದ್ಧಿಭ್ರಮೆಯ ಹೆಸರಾಯಿತು. ಊರಿಗೆ ಹೊರಟು ನಿಂತವರ ಸಂಕಟ ಈ ಮಾತಿನ ಹಿಂದಿದೆ ಎಂಬುದನ್ನು ಮಕ್ಕಳಿಗೆ ಅವಶ್ಯವಾಗಿ ಹೇಳಿರಿ.

ಉತ್ತರ (ಬೆಳಗಾವಿ):
ಮೇಲಿನವರ ವಿವರಣೆ ಸರಿಯಾಗಿದೆ. ಹಳೆಯ ರೂಪ ‘ಡೂಲಾಲಿ ಟ್ಯಾಪ್’ ಎಂದಿತ್ತು. ಈ ‘ಟ್ಯಾಪ್’ ಎಂದರೆ ನೀರಿನ ನಲ್ಲಿಯಲ್ಲ, ಜ್ವರ ಎಂಬ ಅರ್ಥದ ನಮ್ಮ ದೇಶದ್ದೇ ಪದ. ಮರಾಠಿ ಕಿವಿಗೆ ಬೀಳುವ ನಮ್ಮ ಊರಿನಲ್ಲಿ ‘ತಾಪ್’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕ್ರಮೇಣ ‘ಟ್ಯಾಪ್’ ಉದುರಿ ‘ಡೂಲಾಲಿ’ ಮಾತ್ರ ಉಳಿಯಿತು. ಇದು ಬ್ರಿಟನ್ನಿನ ಸಲುಗೆಯ ಮಾತಾದ್ದರಿಂದ ಪರೀಕ್ಷೆಯ ಪ್ರಬಂಧಕ್ಕೆ ಒಗ್ಗದು. ನಿಜವಾಗಿಯೂ ಮಾನಸಿಕ ಅಸ್ವಸ್ಥತೆಯಿಂದ ಬಳಲುವವರ ಬಗ್ಗೆ ಇದನ್ನು ಆಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ (ಬಾಗಲಕೋಟೆ):
ಸೈನಿಕರು ಇಲ್ಲಿಂದ ಒಯ್ದ ಇನ್ನೆರಡು ಮಾತುಗಳನ್ನೂ ಇದೇ ಪಾಠದಲ್ಲಿ ಸೇರಿಸಬಹುದು. ‘ಹ್ಯಾವ್ ಎ ಡೆಕ್ಕೊ’ ಎಂದರೆ ಒಮ್ಮೆ ನೋಡು ಎಂದರ್ಥ. ಅದು ಹಿಂದಿಯ ‘ದೇಖೋ’. ‘ವಿಲಾಯತಿ’ಯಿಂದ ಬಂದ ‘ಬ್ಲೈಟಿ’ ಎಂದರೆ ಅವರಿಗೆ ತಾಯ್ನಾಡು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ, ಪ್ರಾಣ ಉಳಿದು ಮನೆಗೆ ಕಳುಹಿಸಲು ಸಾಕಾಗುವಷ್ಟು ದೊಡ್ಡದಾದ ಗಾಯಕ್ಕೂ ಸೈನಿಕರು ‘ಬ್ಲೈಟಿ’ ಎನ್ನುತ್ತಿದ್ದರು.