ಕಾಬೋ ದ ರಾಮದ ಹಳೇ ಇಗರ್ಜಿ: ಹೋಗಿ ಬಂದವರು ಹೇಳಿ

ಕೇಶ್ವಾಪುರ, ಹುಬ್ಬಳ್ಳಿ: ದಕ್ಷಿಣ ಗೋವಾದ ಕಾಬೋ ದ ರಾಮ ಕೋಟೆಯೊಳಗೆ, ಸಮುದ್ರದ ಮೇಲಿನ ಗುಡ್ಡದಲ್ಲಿ, ಸಂತ ಅಂತೋಣಿಯ ಇಗರ್ಜಿ ಇದೆಯಲ್ಲ, ಅದನ್ನು ಅತ್ತೆಯವರಿಗೆ ತೋರಿಸಬೇಕು. ವಯಸ್ಸು 68, ಮೊಣಕಾಲು ನೋವು. ನಡೆಯೋಕೆ ಆಗುತ್ತಾ? ಒಳಗೆ ಕೂರಲು ಬೆಂಚು ಇದೆಯಾ?

ವಿದ್ಯಾನಗರ: ಮೊದಲು ಗಾಡಿ ವಿಷಯ ಕೇಳಿ. ಎರಡು ದಿನಕ್ಕೆ ಇನ್ನೋವಾ ಬಾಡಿಗೆ ಹಿಡಿದೆವು. ಯಲ್ಲಾಪುರ, ಅರಬೈಲು ಘಾಟು, ಕಾರವಾರ, ಕಾಣಕೋಣ. ಹೋಗಿ ಬಂದಿದ್ದು 470 ಕಿಲೋಮೀಟರು. ಬಿಲ್ಲು ಹಾಕಿದ್ದು 600ಕ್ಕೆ! ದಿನಕ್ಕೆ ಕನಿಷ್ಠ 300 ಅಂತೆ. ಕಿಲೋಮೀಟರಿಗೆ 18ರಂತೆ 10,800. ಡ್ರೈವರ್ ಭತ್ತೆ 1,000. ಟೋಲು ಬೇರೆ. ಓಡದೇ ಇದ್ದ 130 ಕಿಲೋಮೀಟರಿಗೆ 2,340 ರೂಪಾಯಿ ತೆತ್ತೆ. ಇಷ್ಟು ಮಾಡಿ ಮಧ್ಯಾಹ್ನ ಒಂದೂವರೆಗೆ ಮುಟ್ಟಿದರೆ ಇಗರ್ಜಿಗೆ ಬೀಗ. ಬಿಳಿ ಗೋಡೆ ನೋಡಿ, ಅದರ ನೆರಳಲ್ಲೇ ರೊಟ್ಟಿ ಬುತ್ತಿ ಬಿಚ್ಚಿದೆವು.

ಸಪ್ತಾಪುರ, ಧಾರವಾಡ: ಅರಬೈಲಿನಲ್ಲಿ ಲಾರಿ ಹಿಂದೆ ತೆವಳೋಕೆ ಯಾರು ಹೇಳಿದ್ದರು? ನಾವು ಅಳ್ನಾವರ, ರಾಮನಗರ, ಅನಮೋಡ ಘಾಟು ಹಿಡಿದು ಮಡಗಾಂವಿಗೆ ಇಳಿದೆವು. ಅಚ್ಚುಕಟ್ಟು.

ವಿದ್ಯಾನಗರ: ರಾಮನಗರದ ರಸ್ತೆ ಅಚ್ಚುಕಟ್ಟಾ? ಯಾವ ಜನ್ಮದಲ್ಲಿ ಹೋಗಿದ್ರಿ?

ಸಪ್ತಾಪುರ: ಒಂದು ಟೈರು ಒಡೀತು, ಒಪ್ಪಿದೆ. 4,600. ಅದು ಮೊದಲೇ ಸವೆದಿದ್ದ ಟೈರು, ರಸ್ತೆಯ ತಪ್ಪಲ್ಲ.

ಗದಗ: ಜೂನ್ 13 ಸಂತ ಅಂತೋಣಿ ಹಬ್ಬ ಅಂತ ಅಂದೇ ಹೋದೆವು. ರೈಲಲ್ಲಿ ಮಡಗಾಂವ್, ಅಲ್ಲಿಂದ ಟ್ಯಾಕ್ಸಿ. ರೈಲಿನ ನಾಲ್ಕು ಪಟ್ಟು ಟ್ಯಾಕ್ಸಿಗೇ ಹೋಯ್ತು. ಮಳೆ ಅಂದ್ರೆ ಎಂಥಾ ಮಳೆ! ಛತ್ರಿ ತಿರುಚಿ ಬಟ್ಟಲಾಯ್ತು. ಜಂಬಿಟ್ಟಿಗೆ ಕಲ್ಲು ಪಾಚಿ ಹಿಡಿದಿತ್ತು. ಯಜಮಾನರು ಜಾರಿ ಕೂತರು, ಅಂಗಿ ಬೆನ್ನಿಗೆಲ್ಲ ಕೆಂಪು. ಆಮೇಲೆ ಮನೆ ಬೀಗದ ಕೈ ಕಾಣಲಿಲ್ಲ. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತ ಅಂತೋಣಿಗೆ ಹರಕೆ ಹೇಳ್ತಾರಲ್ವಾ, ಅವನ ಬಾಗಿಲಲ್ಲೇ ಕಳೆದುಕೊಂಡೆವು! ನಾನು ಹರಕೆ ಹೇಳಿದೆ. ಹತ್ತೇ ನಿಮಿಷ, ಧಾರವಾಡ ಪೇಡೆ ಡಬ್ಬಿಯಲ್ಲಿ ಸಿಕ್ತು.

ಸಪ್ತಾಪುರ: ಪೇಡೆ ಡಬ್ಬಿಯಲ್ಲಿ ಇಟ್ಟವರು ನೀವೇ ತಾನೆ? ಇದರಲ್ಲಿ ಸಂತನ ಕೆಲಸ ಏನಿದೆ?

ಗದಗ: ನಿಮ್ಮ ಟೈರಿಗೂ ಒಂದು ಹರಕೆ ಹೇಳಿಕೊಳ್ಳಬೇಕಿತ್ತು.

ಹಾವೇರಿ: ಎಲ್ಲರೂ ಪೋರ್ಚುಗೀಸ್ ಕೋಟೆ ಅಂದ್ಕೊಂಡೇ ನೋಡಿ ಬರ್ತೀರಿ. ಅವರ ಕೈಗೆ ಬಂದಿದ್ದು 1763ರಲ್ಲಿ. ಅದಕ್ಕೆ ಮೊದಲು ನಮ್ಮ ಶಿರಸಿ ಪಕ್ಕದ ಸೋದೆ ಅರಸರದ್ದು. ಹೈದರಾಲಿ ಮೇಲೆ ಬಿದ್ದಾಗ ಅರಸ ಗೋವಾಕ್ಕೆ ಓಡಿ ಪೋರ್ಚುಗೀಸರ ಆಶ್ರಯ ಪಡೆದ. 1955ರವರೆಗೆ ಕೋಟೆಯೊಳಗೆ ಜೈಲೂ ಇತ್ತು. ನಾನು ಬೈಕಿನಲ್ಲಿ ಶಿರಸಿ ಮೇಲೇ ಹೋದೆ, ಸೋದೆ ನೋಡಿಕೊಂಡು. ದೇವಿಮನೆ ಘಾಟಿನಲ್ಲಿ ಕ್ಲಚ್ ವೈರು ಹರೀತು. ಮೂರು ತಾಸು ರಸ್ತೆ ಪಕ್ಕ ನಿಂತೆ, ಬೇಸರ ಇಲ್ಲ.

ವಿದ್ಯಾನಗರ: ಆ ಮೂರು ತಾಸಿಗೆ ನಿಮಗೆ ಯಾರೂ ಬಿಲ್ಲು ಹಾಕಲಿಲ್ಲ, ಅದಕ್ಕೇ ಬೇಸರ ಇಲ್ಲ.

ಹಾವೇರಿ: ಇತಿಹಾಸ ಹೇಳಿದರೆ ಬಿಲ್ಲು ತರ್ತೀರಲ್ರೀ!

ಕೇಶ್ವಾಪುರ: ಎಲ್ಲರಿಗೂ ಥ್ಯಾಂಕ್ಸ್. ಆದರೆ ಬೆಂಚು?

ವಿದ್ಯಾನಗರ: ಬಾಗಿಲೇ ತೆಗೆದಿರಲಿಲ್ಲ ಅಂದೆನಲ್ಲ ಅಕ್ಕಾ. ಇನ್ನೋವಾ ಹಿಡಿಯುವ ಮೊದಲು ಕನಿಷ್ಠ ಎಷ್ಟು ಅಂತ ಕೇಳಿ.