ಆ ಸಿಪ್ರೊ ಮುಟ್ಟಬೇಡ ಅಕ್ಕ

ಸುಶೀಲಕ್ಕ, ವಾಯ್ಸ್ ಕಳಿಸೋಣ ಅಂದುಕೊಂಡೆ. ಪಕ್ಕದ ಸೈಟಿನಲ್ಲಿ ಬೋರ್ ಕೊರೆಯುತ್ತಿದ್ದಾರೆ, ಏನೂ ಕೇಳಿಸಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಉದ್ದ ಆದರೂ ಪೂರ್ತಿ ಓದು.

ಪುಟ್ಟನಿಗೆ ಐದು ದಿನದಿಂದ ಜ್ವರ, ಮೆಡಿಕಲ್‌ನವರು ಟೈಫಾಯಿಡ್ ಇರಬಹುದು ಅಂದರು, ಹೋದ ವರ್ಷ ಭಾವನಿಗೆ ತಂದು ಉಳಿದ ಸಿಪ್ರೊ (ಸಿಪ್ರೊಫ್ಲಾಕ್ಸಾಸಿನ್) ಅನ್ನುವ ಆಂಟಿಬಯೋಟಿಕ್ ಮಾತ್ರೆ ಇದೆ, ಕೊಡಲಾ ಅಂತ ಕೇಳಿದ್ದೀಯ. ಬೇಡ ಅಕ್ಕ.

ಲ್ಯಾಬಿನಲ್ಲಿ ನಾನು ಕಣ್ಣಾರೆ ನೋಡುವುದನ್ನೇ ಹೇಳುತ್ತೇನೆ. ರೋಗಿಯ ರಕ್ತದಲ್ಲಿ ಸಿಕ್ಕ ಟೈಫಾಯಿಡ್ ಕ್ರಿಮಿಯನ್ನು ಅಗರ್ ತಟ್ಟೆಯ ಮೇಲೆ ಸವರುತ್ತೇವೆ. ಅಗರ್ ಅಂದರೆ ನಮ್ಮ ಹಾಲುಬಾಯಿ ಥರ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ಹಣೆಬೊಟ್ಟಿನಷ್ಟು ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧಿ. ರಾತ್ರಿಯಿಡೀ ಬೆಚ್ಚಗಿಟ್ಟು ಬೆಳಿಗ್ಗೆ ತೆಗೆದರೆ, ನಾಟುವ ಔಷಧಿಯ ಸುತ್ತ ದುಂಡಗೆ ಖಾಲಿ ಜಾಗ. ಸಿಪ್ರೊ ಸುತ್ತ ಮಾತ್ರ ಎಷ್ಟೋ ಸಲ ಆ ಜಾಗ ಕಿರಿದಾಗಿರುತ್ತದೆ. ಕೆಲವು ಸಲ ಕ್ರಿಮಿ ಬಿಲ್ಲೆಗೆ ಒತ್ತಿಕೊಂಡೇ ಬೆಳೆದಿರುತ್ತದೆ, ಔಷಧಿ ಇದೆ ಅನ್ನುವ ಭಯವೇ ಇಲ್ಲದ ಹಾಗೆ.

ಇದು ಇವತ್ತಿನ ಕಥೆಯಲ್ಲ. 1948ರಲ್ಲಿ ಕ್ಲೋರಂಫೆನಿಕಾಲ್ ಅನ್ನುವ ಆಂಟಿಬಯೋಟಿಕ್ ಬಂದಾಗ ಟೈಫಾಯಿಡ್ ಸೋತೇಹೋಯಿತು ಅಂದುಕೊಂಡರು. 1980ರ ದಶಕ ಮುಗಿಯುವಷ್ಟರಲ್ಲಿ ಅದೂ ಸೇರಿ ಮೂರು ಹಳೇ ಔಷಧಿಗಳು ಒಟ್ಟಿಗೇ ಕೈಕೊಟ್ಟವು. ಆಮೇಲೆ ಸಿಪ್ರೊ ಹಿಡಿದರು. ಜ್ವರಕ್ಕೆ, ಭೇದಿಗೆ, ಉರಿಮೂತ್ರಕ್ಕೆ, ಎಲ್ಲಕ್ಕೂ ಅದೇ. ಅರ್ಧಂಬರ್ಧ ನುಂಗಿ ಬಿಟ್ಟವರೇ ಜಾಸ್ತಿ, ಭಾವನ ಸ್ಟ್ರಿಪ್ಪೇ ಸಾಕ್ಷಿ ಅಲ್ವಾ! 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಹರಡಿದ ಟೈಫಾಯಿಡ್ ತಳಿಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನೂ ನಾಟಲಿಲ್ಲ. ನುಂಗುವ ಮಾತ್ರೆಯಲ್ಲಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ತಮಾಷೆ ಏನು ಗೊತ್ತಾ, ಬಳಸುವುದು ಕಮ್ಮಿಯಾದ ಮೇಲೆ ಆ ಹಳೇ ಕ್ಲೋರಂಫೆನಿಕಾಲ್ ನಮ್ಮ ದೇಶದಲ್ಲಿ ಮತ್ತೆ ನಾಟುತ್ತಿದೆ.

ವಿಡಾಲ್ ಅನ್ನುವ ರಕ್ತಪರೀಕ್ಷೆ ಮಾಡಿಸಿದರೆ ಸಾಲದಾ ಅಂತ ಚಿಕ್ಕಮ್ಮ ಕೇಳಿದರು. ಚಿಕ್ಕಮ್ಮ, ಅದು ಬೇರೆ ಜ್ವರಕ್ಕೂ ಪಾಸಿಟಿವ್ ತೋರಿಸಬಹುದು. ಯಾವ ಔಷಧಿ ನಾಟುತ್ತದೆ ಅಂತಂತೂ ಹೇಳುವುದೇ ಇಲ್ಲ. ಬೇಕಾಗಿರುವುದು ಬ್ಲಡ್ ಕಲ್ಚರ್, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ, ಅದೂ ಮೊದಲ ಆಂಟಿಬಯೋಟಿಕ್ ನುಂಗುವ ಮುಂಚೆ. ಒಂದು ಗುಳಿಗೆ ಹೋದರೂ ಬಾಟಲಿಯಲ್ಲಿ ಕ್ರಿಮಿ ಬೆಳೆಯದೇ ಇರಬಹುದು. ರಿಪೋರ್ಟಿಗೆ ಮೂರು ನಾಲ್ಕು ದಿನ ಬೇಕು, ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ರಕ್ತ ತೆಗೆದ ಮೇಲೆ ಡಾಕ್ಟರ್ ಔಷಧಿ ಶುರುಮಾಡುತ್ತಾರೆ, ರಿಪೋರ್ಟ್ ನೋಡಿ ಬೇಕಾದರೆ ಬದಲಾಯಿಸುತ್ತಾರೆ. ಸರಿಯಾದ ಔಷಧಿ ಬಿದ್ದರೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಎರಡನೇ ದಿನಕ್ಕೇ ಡಾಕ್ಟರನ್ನು ಬೈಯಬೇಡ.

ಭಾವ, ಕೋಳಿ ಬಿಟ್ಟರೆ ಸರಿಹೋಗುತ್ತದೆ ಅಂದಿರಲ್ಲ, ಟೈಫಾಯಿಡ್ ಬರುವುದು ಮನುಷ್ಯರಿಂದಲೇ, ಕೊಳಕು ನೀರು, ತೊಳೆಯದ ಕೈ. ಕೋಳಿ, ಮೊಟ್ಟೆಯಲ್ಲಿರುವ ಸಾಲ್ಮೊನೆಲ್ಲಾ ಕ್ರಿಮಿ ಟೈಫಾಯಿಡ್ ಕ್ರಿಮಿಯ ವಂಶದ್ದೇ ಬೇರೆ ಕವಲು, ಸಾಮಾನ್ಯವಾಗಿ ಭೇದಿ ತರುತ್ತದೆ. ಗಟ್ಟಿಮುಟ್ಟಾಗಿರುವವರಿಗೆ ಹೆಚ್ಚಾಗಿ ಓಆರ್‌ಎಸ್ ಸಾಕು. ಭಾನುವಾರದ ಸಾರು ನೀವು ಬಿಡಬೇಕಿಲ್ಲ, ಚೆನ್ನಾಗಿ ಬೇಯಿಸಿ ಅಷ್ಟೆ.

ಅಕ್ಕ, ನಾಳೆ ಬೆಳಿಗ್ಗೆ ಮಂಡ್ಯದಿಂದ ಬಸ್ ಹತ್ತಿದ ತಕ್ಷಣ ಫೋನ್ ಮಾಡು, ಮೈಸೂರು ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ರಾತ್ರಿ ಹೊಟ್ಟೆನೋವು ಜೋರಾದರೆ, ಕಪ್ಪಗೆ ಭೇದಿಯಾದರೆ, ಬೆಳಗಾಗುವ ತನಕ ಕಾಯಬೇಡ, ಅಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು.