ಸಹಾಯ ಬೇಕು: ಎರಕದ ಸೀಸದ ಗುಂಡು, 100 ಗಜದಲ್ಲಿ ಗ್ರೂಪ್ ಉದ್ದಕ್ಕೆ ಹರಡುತ್ತಿದೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಎರಕದ ಗುಂಡು ಬಳಸುವವರು ದಯವಿಟ್ಟು ನೋಡಿ.

ರೈಫಲ್ .30-30 ಲಿವರ್ ಆಕ್ಷನ್ (ಕೆಳಗಿನ ಸನ್ನೆ ಎಳೆದು ಗುಂಡು ತುಂಬುವ ಬಗೆ). ಗುಂಡು 170 ಗ್ರೇನ್, ತಳಕ್ಕೆ ತಾಮ್ರದ ಗ್ಯಾಸ್ ಚೆಕ್ (ಬಿಸಿ ಅನಿಲದಿಂದ ತಳ ಕಾಪಾಡುವ ಬಟ್ಟಲು). ಮಿಶ್ರಲೋಹ 90 ಭಾಗ ಸೀಸ, 5 ತವರ, 5 ಆಂಟಿಮನಿ. ಸುಕ್ಕುಬಿದ್ದವನ್ನು (ಅಚ್ಚು ತಣ್ಣಗಿದ್ದಾಗ ಹೊಯ್ದವು) ಮತ್ತೆ ಕರಗಿಸಿ, ಉಳಿದವನ್ನು ತೂಗಿ ಬೇರ್ಪಡಿಸಿದ್ದೇನೆ. ಗ್ರೂಪ್ (ಗುರಿಹಲಗೆಯ ಮೇಲೆ ಗುಂಡುಗಳು ಬಿದ್ದ ಹರಡು) 50 ಗಜದಲ್ಲಿ ಒಂದೂವರೆ ಇಂಚು, 100ರಲ್ಲಿ 5 ಇಂಚು. ಅಡ್ಡಕ್ಕಲ್ಲ, ಪೂರ್ತಿ ಮೇಲೆ-ಕೆಳಗೆ.

ಸೀಸ ಮೆತ್ತಿಕೊಳ್ಳುತ್ತಿರುವುದು ಚೇಂಬರ್ (ನಳಿಕೆಯಲ್ಲಿ ಕಾಡತೂಸು ಕೂರುವ ಜಾಗ) ದಾಟಿದ ತಕ್ಷಣ, ನಳಿಕೆಯ ತುದಿಯಲ್ಲಲ್ಲ. ತುದಿಯಲ್ಲಾದರೆ ಲೂಬ್ (ಗುಂಡಿಗೆ ಹಚ್ಚುವ ಜಾರು ಮೇಣ) ಸಾಲದು ಎನ್ನಬಹುದಿತ್ತು. ಇದು ಗುಂಡು ಸಣ್ಣದಾಗಿ ಬಿಸಿ ಅನಿಲ ಪಕ್ಕದಿಂದ ನುಗ್ಗುವ ಲಕ್ಷಣ. ಮೆದು ಸೀಸ ತೂರಿಸಿ ಅಳೆದರೆ ನಳಿಕೆಯ ಗ್ರೂವ್ (ಒಳಗಿನ ಸುರುಳಿ ಗೀರುಗಳ ತಳದಿಂದ ತಳದ ಅಳತೆ) .3085 ಇಂಚು. ಗುಂಡನ್ನು .309ಕ್ಕೆ ಸೈಜ್ ಮಾಡಿದ್ದರೂ, ಕೇಸಿನಲ್ಲಿ (ಕಾಡತೂಸಿನ ಹಿತ್ತಾಳೆ ಕೋಶದಲ್ಲಿ) ಕೂರಿಸಿ ಮತ್ತೆ ಎಳೆದು ಅಳೆದಾಗ .3075! ಕೇಸಿನ ಬಿಗಿಯಾದ ಕತ್ತೇ ಹಿಂಡುತ್ತಿದೆ.

ಕೇಳಬೇಕಾದದ್ದು: .310ಕ್ಕೆ ಹೋಗುವುದೋ, ಮೊದಲು ಎರಕದ ಗುಂಡಿಗೆಂದೇ ಇರುವ ದೊಡ್ಡ ಎಕ್ಸ್‌ಪ್ಯಾಂಡರ್ (ಕೇಸಿನ ಕತ್ತು ಅಗಲಿಸುವ ಸಾಧನ) ಹಾಕುವುದೋ? ಎಕ್ಸ್‌ಪ್ಯಾಂಡರ್ ಬದಲಿಸದೆ ಗಾತ್ರ ಹೆಚ್ಚಿಸಿದರೆ ಮತ್ತೆ ಹಿಂಡುತ್ತದೆ ಎಂಬುದು ನನ್ನ ಲೆಕ್ಕ.

ಇನ್ನೊಂದು, ಮರಳಿನ ಚೀಲದ ಮೇಲೆ ಮುಂಗೈ ಮರ (ನಳಿಕೆಯ ಕೆಳಗಿನ ಮರದ ಹಿಡಿ) ಎಲ್ಲಿ ಕೂರಬೇಕು? ನಳಿಕೆಯ ಪಟ್ಟಿಯ ಹತ್ತಿರವೋ, ರಿಸೀವರ್ (ರೈಫಲಿನ ಯಂತ್ರಭಾಗ) ಹತ್ತಿರವೋ? ಅರ್ಧ ಉಸಿರು ಬಿಟ್ಟು ತಡೆದು, ಟ್ರಿಗರ್ ನಿಧಾನ ಒತ್ತಿ, ಪ್ರತಿ ಗುಂಡು ಹಾರಿಸಿದ ಮೇಲೆ ಎರಡು ನಿಮಿಷ ಬಿಡುವು ಕೊಟ್ಟರೂ ಸಾಲು ಉದ್ದಕ್ಕೇ ಬೀಳುತ್ತದೆ. ಅಳತೆ ಸಮೇತ ತಿಳಿಸಿದರೆ ತುಂಬಾ ಉಪಕಾರ.